ಪಟ್ಟಿಯಲ್ಲಿ ಹೆಸರು ಬಾರದವರು ತಪ್ಪದೇ ಓದಿ

ಎಲ್ಲರಿಗೂ ನಮಸ್ಕಾರ. ನಾವು ಬರೆದ ಪರೀಕ್ಷೆಯ ಆಯ್ಕೆಪಟ್ಟಿ ಬಂದ ಮೇಲೆ ಕೆಲವರು ನಮ್ಮ ಈ ಗುಂಪು ಬಿಟ್ಟಿದ್ದಾರೆ. ಅವರ ನಂಬರ್ ಇದ್ದವರು ದಯವಿಟ್ಟು ಫೋನ್ ಮಾಡಿ ಮಾತಾಡಿಸಿ. ‘ನಮ್ಮ ಹಣೆಬರಹಾನೇ ಇಷ್ಟು’, ‘ರಾಯಚೂರು ಕಡೆಯವರಿಗೆ ಇದೆಲ್ಲ ಆಗೂದಲ್ಲ’ ಅನ್ನೋ ಮೆಸೇಜ್ ಓದಿ ಕರುಳು ಚುರ್ ಅಂತು. ಒಂದು ಸೋಲನ್ನು ಇಡೀ ಬದುಕಿಗೆ ಹಚ್ಚಿಕೊಳ್ಳುವ ಈ ಯೋಚನೆಯನ್ನು ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲೇ ಗುರುತಿಸಿದ್ದರು. ಅಂಥ ಮಾತು ಮನಸ್ಸಿಗೆ ಬಂದಾಗ ಹಾಳೆ ಮೇಲೆ ಬರೆದು, ‘ಇದಕ್ಕೆ ಸಾಕ್ಷಿ ಏನು?’ ಅಂತ ಕೇಳಿಕೊಳ್ಳಿ.

ನಮ್ಮ ಸಾಕ್ಷಿ ಒಎಂಆರ್ ಪ್ರತಿಯಲ್ಲಿದೆ, ಅಂದರೆ ನಾವು ಉತ್ತರ ಗುರುತು ಮಾಡಿದ ಹಾಳೆಯ ಪ್ರತಿಯಲ್ಲಿ. ಭಾನುವಾರ ಸಂಜೆ 5ಕ್ಕೆ ಅದನ್ನೂ ಕೀ ಉತ್ತರವನ್ನೂ ಹಿಡಿದು ಎಂದಿನ ಜಾಗಕ್ಕೆ ಬನ್ನಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಕಾರಣ ಬರೆಯೋಣ: ಓದಿರಲಿಲ್ಲವೋ, ಓದಿ ಮರೆತದ್ದೋ, ಗೊತ್ತಿಲ್ಲದೆ ಅಂದಾಜಿಗೆ ತುಂಬಿದ್ದೋ. ತಪ್ಪು ಉತ್ತರಕ್ಕೆ ಅಂಕ ಕಳೆಯುವ (ನೆಗೆಟಿವ್ ಅಂಕ ಇರುವ) ಪರೀಕ್ಷೆಯಲ್ಲಿ ಈ ಅಂದಾಜೇ ಬಹಳ ಜನರನ್ನು ಕೆಡವುತ್ತದೆ ಅಂತ ನನಗನಿಸುತ್ತದೆ. ಇದನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಪಾಸಾದವರೂ ಬನ್ನಿ, ನೀವು ಹೇಗೆ ಓದಿದಿರಿ ಅಂತ ಹೇಳಿಕೊಡಿ.

ನಿದ್ದೆ ಊಟ ಬಿಟ್ಟು ಕೂತವರು, ಬದುಕೇ ಬೇಡ ಅನಿಸುತ್ತಿರುವವರು ಭಾನುವಾರದವರೆಗೆ ಕಾಯಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಈಗಲೇ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.