ಜಾಯಿಕಾಯಿ ಒಣಗಿಸಲು ಗ್ರೆನಡಾದ ದಾರಿ

ಮಾನ್ಯ ಸಂಪಾದಕರಿಗೆ,

ವೆಸ್ಟ್ ಇಂಡೀಸಿನ ಗ್ರೆನಡಾ ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಕ್ರಿಕೆಟ್ ಪಂದ್ಯವಿದ್ದಾಗ, ಇಲ್ಲವೇ ಚಂಡಮಾರುತ ಅಪ್ಪಳಿಸಿದಾಗ. ಧ್ವಜದ ಮೇಲೆಯೇ ಜಾಯಿಕಾಯಿ ಇಟ್ಟುಕೊಂಡಿರುವ ಆ ದೇಶದ ಕೃಷಿ ವ್ಯವಸ್ಥೆ ಕರಾವಳಿ ಮತ್ತು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ತಿಳಿಯಲೇಬೇಕು. ಅಡಿಕೆಯ ನಡುವೆ ಜಾಯಿಕಾಯಿ ಗಿಡ ಹಾಕಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಗಿಡ ಬೆಳೆಸುವುದು ಅವರಿಗೆ ಬರುತ್ತದೆ, ಮಳೆಗಾಲದಲ್ಲಿ ಕಾಯಿ ಒಣಗಿಸುವಲ್ಲಿ ಸೋಲುತ್ತಾರೆ.

ಗ್ರೆನಡಾದ ವಿಸ್ತೀರ್ಣ ಬರೀ 344 ಚದರ ಕಿ.ಮೀ. ಜನಸಂಖ್ಯೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಜ್ವಾಲಾಮುಖಿಯಿಂದ ಎದ್ದ ನೆಲ, ನಡುವೆ 840 ಮೀಟರ್ ಎತ್ತರದ ಸೇಂಟ್ ಕ್ಯಾಥರೀನ್ ಬೆಟ್ಟ, ಇಳಿಜಾರಿನ ತುಂಬ ತೋಟಗಳು. ಹೆಚ್ಚಿನವರು ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ಗುಲಾಮಗಿರಿ ನಿಂತ ಮೇಲೆ, 1857ರಿಂದ, ಕರಾರು ಕೂಲಿಗಳಾಗಿ ಭಾರತೀಯರೂ ಹೋದರು. ಜಾಯಿಕಾಯಿ ಅಲ್ಲಿ ಬೇರೂರಿದ್ದು 1843ರ ಸುಮಾರಿಗೆ. ಇಂದು ಪ್ರವಾಸೋದ್ಯಮ ಮತ್ತು ಸೇಂಟ್ ಜಾರ್ಜಸ್ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಹೆಚ್ಚು ಹಣ ಬರುತ್ತದೆ, ನಿಜ. ಆದರೆ ಹಳ್ಳಿಯ ಸಣ್ಣ ಹಿಡುವಳಿದಾರನ ಕೈಗೆ ವರ್ಷವಿಡೀ ಕಾಸು ಓಡಾಡುವಂತೆ ಮಾಡಿದ್ದು ಈ ಮರವೇ.

ಅದಕ್ಕೆ ಕಾರಣ 1947ರಲ್ಲಿ ಹುಟ್ಟಿದ ಅಲ್ಲಿನ ಜಾಯಿಕಾಯಿ ಬೆಳೆಗಾರರ ಸಹಕಾರಿ ಸಂಘ. ರೈತ ಕಾಯಿ ಹೆಕ್ಕಿ, ಚಿಪ್ಪಿಗೆ ಸುತ್ತಿಕೊಂಡಿರುವ ಕೆಂಪು ಜಾಪತ್ರೆ ಬಿಡಿಸಿ, ಚಿಪ್ಪಿನ ಸಮೇತ ಹಸಿಯಾಗಿಯೇ ಹತ್ತಿರದ ಖರೀದಿ ಕೇಂದ್ರಕ್ಕೆ ಒಯ್ದು ತೂಗಿಸುತ್ತಾನೆ. ಆಗಲೇ ಮುಂಗಡ ಸಿಗುತ್ತದೆ. ಸಂಘಕ್ಕೆ ಲಾಭ ಬಂದರೆ ವರ್ಷದ ಕೊನೆಗೆ ಬೋನಸ್. ಒಣಗಿಸುವ ಹೊಣೆ ಪೂರ್ತಿ ಸಂಘದ್ದು. ಗಾಳಿಯಾಡುವ ದೊಡ್ಡ ಶೆಡ್ಡುಗಳಲ್ಲಿ, ಮರದ ತಟ್ಟೆಗಳ ಮೇಲೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತ, ಆರರಿಂದ ಎಂಟು ವಾರ ನೆರಳಲ್ಲಿ ಒಣಗಿಸುತ್ತಾರೆ. ಅಲ್ಲಾಡಿಸಿದಾಗ ಚಿಪ್ಪಿನೊಳಗೆ ತಿರುಳು ಗಡಗಡ ಎಂದರೆ ಒಣಗಿತೆಂದು ಲೆಕ್ಕ. ಚಿಪ್ಪು ಒಡೆದ ಮೇಲೆ ತಿರುಳನ್ನು ನೀರಿಗೆ ಹಾಕುತ್ತಾರೆ: ಮುಳುಗಿದ್ದು ಅಡುಗೆಯ ದರ್ಜೆ, ತೇಲಿದ್ದು ಎಣ್ಣೆ ತೆಗೆಯುವವರಿಗೆ. ಮತ್ತೆ ಆರಿಸಿ, ಗಾತ್ರ ನೋಡಿ ಬೇರ್ಪಡಿಸಿ ಗೋಣಿಗೆ ತುಂಬುತ್ತಾರೆ.

ನಮ್ಮಲ್ಲಿ ಕಾಯಿ ಬಿರಿಯುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್ ತನಕ, ಅಂದರೆ ಮಳೆ ಬಿಡದೆ ಹೊಯ್ಯುವಾಗ. ಒದ್ದೆ ನೆಲದಲ್ಲಿ ಬಿದ್ದ ಕಾಯಿ ಒಂದೆರಡು ದಿನ ಉಳಿದರೂ ಬೂಷ್ಟು ಹಿಡಿಯುತ್ತದೆ. ಅವಸರದಲ್ಲಿ ಒಲೆಯ ಮೇಲೆ ಕಾಯಿಸಿದರೆ ಉಷ್ಣತೆ 45 ಡಿಗ್ರಿ ದಾಟಿ ತಿರುಳಿನ ಕೊಬ್ಬು ಕರಗುತ್ತದೆ, ಪರಿಮಳ ಹೋಗುತ್ತದೆ. ಹೊರಗೆ ಒಣಗಿದಂತೆ ಕಂಡು ಒಳಗೆ ತೇವ ಉಳಿದ ಕಾಯಿಯಲ್ಲಿ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಯುರೋಪಿನ ಮಿತಿ ಕೆ.ಜಿ.ಗೆ ಒಟ್ಟು 10 ಮೈಕ್ರೋಗ್ರಾಂ ಮಾತ್ರ. ಎರಡು ಮೂರು ಮರ ಇರುವವರು ಇದಕ್ಕಾಗಿ ಡ್ರೈಯರ್ ಕೊಳ್ಳಲಾರರು. ಬಂದ ಧಾರಣೆಗೆ ಮಾರಿಬಿಡುತ್ತಾರೆ, ಇಲ್ಲವೇ ಹೆಕ್ಕುವುದನ್ನೇ ಬಿಡುತ್ತಾರೆ.

ಗ್ರೆನಡಾದ ನೆರಳಿನ ಶೆಡ್ಡು ನಮ್ಮ ಆಷಾಢಕ್ಕೆ ಸಾಲದು. 40-45 ಡಿಗ್ರಿ ಮೀರದ ಬಿಸಿಗಾಳಿಯ ಡ್ರೈಯರ್ ಬೇಕೇ ಬೇಕು. ಆದರೆ ಹಸಿ ಮಾಲು ಕೊಂಡು ಒಂದೆಡೆ ಸಂಸ್ಕರಿಸುವ ಪದ್ಧತಿ ನಮಗೆ ಹೊಸದೇನಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ರೈತರಿಂದ ಹಸಿ ಕೊಕ್ಕೊ ಬೀಜ ಕೊಳ್ಳುತ್ತದೆ. ಜಾಯಿಕಾಯಿಗೂ ಹಾಗೆಯೇ ಮಾಡಬಹುದು.

ಗ್ರೆನಡಾದ ಇನ್ನೊಂದು ಅನುಭವವನ್ನೂ ಹೇಳಲೇಬೇಕು. 2004ರ ಸೆಪ್ಟೆಂಬರ್ 7ರಂದು ಐವನ್ ಚಂಡಮಾರುತ ಬಂದಾಗ 39 ಜನ ಸತ್ತರು, ಜಾಯಿಕಾಯಿ ಮರಗಳಲ್ಲಿ ಬಹುಪಾಲು ನೆಲಕ್ಕುರುಳಿದವು. ಅಲ್ಲಿಯ ತನಕ ಇಂಡೋನೇಷ್ಯಾ ಬಿಟ್ಟರೆ ಜಗತ್ತಿನಲ್ಲಿ ಎರಡನೆಯ ಸ್ಥಾನ ಅದರದು. ಬೇರು ಮೇಲ್ಮಣ್ಣಿನಲ್ಲೇ ಹರಡುವ ಮರವಿದು, ಗಾಳಿಗೆ ತಡೆಯದು. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ ಬೇಕು, ಅದರಲ್ಲೂ ಸುಮಾರು ಅರ್ಧ ಕಾಯಿ ಬಿಡದ ಗಂಡು ಮರಗಳಾಗುತ್ತವೆ. ಮೂರು ನಾಲ್ಕು ವರ್ಷದಲ್ಲಿ ಫಸಲು ಬರುವ ಕೊಕ್ಕೊ ಇಟ್ಟವರು ಬೇಗ ಚೇತರಿಸಿಕೊಂಡರು. ಹಾಗಾಗಿ ಅಡಿಕೆ ಕಡಿದು ಜಾಯಿಕಾಯಿಯನ್ನೇ ನೆಡುವುದು ಬೇಡ, ಉಪಬೆಳೆಯಾಗಿಯೇ ಇರಲಿ. ಹೊಸದಾಗಿ ನೆಡುವವರು ಹೆಣ್ಣು ಮರದ ಕಸಿ ಗಿಡವನ್ನೇ ಆರಿಸಲಿ. ಪಕ್ಕಕ್ಕೆ ಹರಡುವ ಗೆಲ್ಲಿನ ಕಸಿ ಪೊದೆಯಾಗುತ್ತದೆ, ನೆಟ್ಟಗೆ ಏರುವ ಚಿಗುರಿನ ಕಸಿ ಅಡಿಕೆಯ ನಡುವೆ ಕಡಿಮೆ ಜಾಗ ಹಿಡಿಯುತ್ತದೆ.

ಕರಾವಳಿ, ಮಲೆನಾಡಿನ ಕೃಷಿ ಪತ್ತಿನ ಸಹಕಾರ ಸಂಘಗಳು ಬರುವ ಮುಂಗಾರಿಗೆ ಮೊದಲೇ ತಲಾ ಒಂದು ಡ್ರೈಯರ್ ಹಾಕಿ, ವಾರಕ್ಕೆರಡು ದಿನ ಹಸಿ ಕಾಯಿ ಖರೀದಿ ಶುರುಮಾಡಲಿ. ಜಾಪತ್ರೆಯನ್ನು ಬೇರೆ ತೂಗಿ, ಬೇರೆ ಚೀಟಿ ಬರೆದು, ಬೇರೆ ತಟ್ಟೆಯಲ್ಲೇ ಒಣಗಿಸಬೇಕು. ಕಾಯಿಗಿಂತ ಅದಕ್ಕೇ ಬೆಲೆ ಹೆಚ್ಚು.

– ಜಾಯಿಕಾಯಿ ಬೆಳೆಗಾರರು, ಸುಳ್ಯ ತಾಲೂಕು