ಹತ್ತಿರ ಬಂದವರಿಗೆಲ್ಲ ಥ್ಯಾಂಕ್ಸ್

ಫೈನಲ್ ಅಸೆಸ್‌ಮೆಂಟ್ ಮುಗಿಯಿತು. ರಿಸಲ್ಟ್ ಕೂಡ ಬಂತು, ಪಾಸಾಗಿದ್ದೇನೆ. ಒಬ್ಬೊಬ್ಬರಿಗೂ ಮೆಸೇಜ್ ಹಾಕೋಣ ಅಂತ ಕೂತೆ, ಪಟ್ಟಿ ಉದ್ದ ಆಗುತ್ತಲೇ ಹೋಯಿತು. ಅದಕ್ಕೇ ಎಲ್ಲರಿಗೂ ಇಲ್ಲೇ ಬರೆಯುತ್ತಿದ್ದೇನೆ.

ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನನ್ನ ಫೈನಲ್ ಪ್ರಾಜೆಕ್ಟ್ ‘ಹತ್ತಿರ ಬಾ’ ಅಂದರೆ ಕತ್ತಲೆ ಕೋಣೆಯಲ್ಲಿ ಒಂದು ಬಿಳಿ ಪರದೆ, ಅದರ ಹಿಂದೆ ಎಲ್‌ಇಡಿ ಪಟ್ಟಿಗಳು ಮತ್ತು ಸ್ಪೀಕರ್. ದೂರ ನಿಂತರೆ ತುಂಬಾ ಜನ ಒಟ್ಟಿಗೆ ಮಾತಾಡುವ ಗದ್ದಲ. ಮುಂದೆ ಬಂದ ಹಾಗೆ ಒಂದೊಂದೇ ದನಿ ನಿಲ್ಲುತ್ತದೆ, ಬೆಳಕೂ ಕಮ್ಮಿಯಾಗುತ್ತದೆ. ಪರದೆಗೆ ತೀರಾ ಹತ್ತಿರ ಹೋದರೆ ಒಬ್ಬರ ಮಾತು ಮಾತ್ರ ಉಳಿಯುತ್ತದೆ.

ಹಾಗಾಗಿ ಮೊದಲ ಥ್ಯಾಂಕ್ಸ್ ದನಿ ಕೊಟ್ಟವರಿಗೆ. ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಮಾತು ಹೇಳಿ ಅಂತ ಕೇಳಿದೆ, ನೀವು ನಂಬಿ ಹೇಳಿದಿರಿ. ಒಬ್ಬರು ರೆಕಾರ್ಡರ್ ಮುಂದೆ ಏನೂ ಹೇಳದೆ ಕೂತು ಎದ್ದು ಹೋದರು. ಅವರ ಕುರ್ಚಿ ಕಿರುಗುಟ್ಟಿದ ಸದ್ದನ್ನೂ ಅವರನ್ನು ಕೇಳಿಯೇ ಸೇರಿಸಿದೆ.

ಲ್ಯಾಬ್ ಅಣ್ಣ ಇಲ್ಲದಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ಬಂದವರು ಎಷ್ಟು ದೂರ ಇದ್ದಾರೆ ಅಂತ ತಿಳಿಯಲು ನಾನು ಬಳಸಿದ್ದು ಎಲ್ಲರೂ ಬಳಸುವ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್. ನಮ್ಮ ಕಿವಿಗೆ ಕೇಳದ ಸದ್ದು ಕಳಿಸಿ, ಅದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ ದೂರ ಲೆಕ್ಕ ಹಾಕುತ್ತದೆ. ಅದರ ವಿವರದ ಹಾಳೆ ಪ್ರಕಾರ 2 ಸೆಂಟಿಮೀಟರ್‌ನಿಂದ 4 ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಆದರೆ ದಪ್ಪ ಉಣ್ಣೆಯ ಬಟ್ಟೆ ಹಾಕಿಕೊಂಡವರು ಬಂದರೆ ಬಟ್ಟೆಯೇ ಸದ್ದನ್ನು ನುಂಗಿಬಿಡುತ್ತದೆ, ಎದುರಿಗೆ ಯಾರೂ ಇಲ್ಲ ಅಂತ ಸೆನ್ಸರ್ ತಿಳಿದುಕೊಳ್ಳುತ್ತದೆ. ಜೊತೆಗೆ ಎರಡು ಸೆನ್ಸರ್ ಒಂದರ ಸದ್ದನ್ನು ಇನ್ನೊಂದು ಕೇಳಿಸಿಕೊಂಡು ಏನೇನೋ ಸಂಖ್ಯೆ ಕೊಡುತ್ತಿದ್ದವು. ‘ಒಂದಾದ ಮೇಲೆ ಒಂದು ಬಿಡು, ನಡುವೆ 60 ಮಿಲಿಸೆಕೆಂಡ್ ಗ್ಯಾಪ್ ಕೊಡು, ಐದು ಸಲ ಅಳೆದು ಮಧ್ಯದ ಸಂಖ್ಯೆ ಮಾತ್ರ ತಗೋ’ ಅಂದವರು ಅಣ್ಣ. ಅಲ್ಲಿಂದ ಮುಂದೆ ತಪ್ಪು ಸಂಖ್ಯೆ ಬಂದಾಗಲೆಲ್ಲ ದನಿಗಳು ಬೆಚ್ಚಿಬೀಳುವುದು ನಿಂತಿತು.

ಎಲೆಕ್ಟ್ರಿಷಿಯನ್ ಸರ್‌ಗೂ ದೊಡ್ಡ ನಮಸ್ಕಾರ. 300 ಎಲ್‌ಇಡಿ, ಪೂರ್ತಿ ಬಿಳಿ ಬೆಳಕಲ್ಲಿ ಒಂದೊಂದಕ್ಕೆ ಸುಮಾರು 60 ಮಿಲಿಆಂಪ್ ಅಂದರೆ ಒಟ್ಟು 18 ಆಂಪ್. ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದು ಬಿಳಿ ಬೆಳಕು ಹಳದಿಯಾಗುತ್ತದೆ. ಅವರು ಎರಡೂ ತುದಿಗೆ ವೈರ್ ಎಳೆದು, ಫ್ಯೂಸ್ ಹಾಕಿ, ಎಲ್ಲವನ್ನೂ ಒಂದೇ ಸ್ವಿಚ್‌ಗೆ ತಂದು ಕೊಟ್ಟರು. ಆ ಒಂದು ಸ್ವಿಚ್‌ನಿಂದಾಗಿಯೇ ಪ್ರದರ್ಶನದ ದಿನಗಳಲ್ಲಿ ಅಟೆಂಡರ್ ಅಕ್ಕ ಬೆಳಿಗ್ಗೆ ಬಂದು ನನಗಿಂತ ಮುಂಚೆ ಎಲ್ಲ ಶುರು ಮಾಡಿರುತ್ತಿದ್ದರು.

ಇನ್ನು ಡಾಕ್ಯುಮೆಂಟೇಶನ್, ಅಂದರೆ ಮಾಡಿದ್ದನ್ನು ದಾಖಲಿಸಿ ಇಡುವುದು. ಇದರ ಪೂರ್ತಿ ಕ್ರೆಡಿಟ್ ಗೈಡ್ ಮೇಡಂ ಮತ್ತು ವಿಡಿಯೋ ಮಾಡಿದ ಗೆಳತಿಗೆ. ಇಂಥ ಕೆಲಸ ಯಾರಾದರೂ ಎದುರಿಗೆ ನಿಂತಾಗ ಮಾತ್ರ ಇರುತ್ತದೆ, ಜನ ಹೋದ ಮೇಲೆ ಉಳಿಯುವುದು ಬಟ್ಟೆ ಮತ್ತು ವೈರ್ ಅಷ್ಟೇ ಅಂತ ಮೇಡಂ ಮೊದಲ ವಾರದಿಂದ ಹೇಳುತ್ತಿದ್ದರು. 1970ರ ದಶಕದಲ್ಲೇ ಮೈರನ್ ಕ್ರೂಗರ್ ಅನ್ನುವ ಅಮೆರಿಕದ ಕಲಾವಿದರು ‘ವಿಡಿಯೋಪ್ಲೇಸ್’ ಅಂತ ಇಂಥದ್ದೇ ಒಂದು ಕೆಲಸ ಮಾಡಿದ್ದರು, ನೋಡುವವರ ನೆರಳೇ ಪರದೆ ಮೇಲೆ ಆಟವಾಡುತ್ತಿತ್ತು. ನನ್ನಂಥವರಿಗೆ ಅದು ಸಿಕ್ಕಿರುವುದು ಹಳೆ ವಿಡಿಯೋಗಳಲ್ಲಿ ಮಾತ್ರ, ಅಲ್ವಾ? ಚಂದದ ಫೋಟೋ ಹಾಕಿ ಮುಗಿಸಿಬಿಡುವುದು ನನಗಂತೂ ಅರ್ಧ ಸುಳ್ಳು ಅನ್ನಿಸುತ್ತದೆ.

ಗೆಳತಿ ಕ್ಯಾಮೆರಾವನ್ನು ಮೂಲೆಯಲ್ಲಿ ಟ್ರೈಪಾಡ್ ಮೇಲೆ ಇಟ್ಟು ಎಕ್ಸ್‌ಪೋಶರ್ ಲಾಕ್ ಮಾಡಿದಳು. ಇಲ್ಲದಿದ್ದರೆ ಬೆಳಕು ಕಮ್ಮಿಯಾದಾಗಲೆಲ್ಲ ಕ್ಯಾಮೆರಾ ತಾನೇ ಬೆಳಕು ಜಾಸ್ತಿ ಮಾಡಿಕೊಂಡು, ನಾನು ಕಷ್ಟಪಟ್ಟು ಮಾಡಿದ್ದನ್ನೇ ಅಳಿಸಿಹಾಕುತ್ತಿತ್ತು. ದನಿಯನ್ನು ಕಂಪ್ಯೂಟರ್‌ನಿಂದ ನೇರವಾಗಿ ಒಂದು, ಕೋಣೆಯಲ್ಲಿ ಮೈಕ್ ಇಟ್ಟು ಇನ್ನೊಂದು ಅಂತ ಎರಡು ಸಲ ಹಿಡಿದಳು. ಬಂದವರ ಒಪ್ಪಿಗೆ ಬರೆಸಿಕೊಂಡು ಬೆನ್ನ ಹಿಂದಿನಿಂದ ಮಾತ್ರ ಶೂಟ್ ಮಾಡಿದಳು. ಬೋರಾಗಿ ಅರ್ಧಕ್ಕೇ ಹೊರಟುಹೋದವರನ್ನೂ ಎಡಿಟಿಂಗ್‌ನಲ್ಲಿ ತೆಗೆಯಲು ಬಿಡಲಿಲ್ಲ. ಅದಕ್ಕೆ ಆಗ ಜಗಳವಾಡಿದ್ದೆ. ಈಗ ನೋಡಿದರೆ ವಿಡಿಯೋದ ಒಳ್ಳೆಯ ಭಾಗವೇ ಅದು. ಒಬ್ಬ ಪುಟ್ಟ ಹುಡುಗ ಹಿಂದಕ್ಕೂ ಮುಂದಕ್ಕೂ ಓಡಿ ಎಲ್ಲರ ಬಾಯಿ ಮುಚ್ಚಿಸಿ ತೆರೆಸಿ ಆಟವಾಡಿದ್ದಾನೆ. ಒಬ್ಬ ಅಜ್ಜಿ ಪರದೆಗೆ ಕಿವಿ ಹಚ್ಚಿ ನಿಂತು, ಕೇಳಿದ ಮಾತಿಗೆ ‘ಹೌದು ಮಗಾ’ ಅಂತ ಉತ್ತರ ಕೊಟ್ಟಿದ್ದಾರೆ!

ಸೆನ್ಸರ್ ಅಳೆದ ದೂರಗಳನ್ನೆಲ್ಲ ಸೇವ್ ಮಾಡಿ, ಉದ್ದ ಕಾಗದದ ಮೇಲೆ ಗ್ರಾಫ್ ಆಗಿ ಪ್ರಿಂಟ್ ಹಾಕು ಅಂದಿದ್ದು ಜೂನಿಯರ್ ಒಬ್ಬ. ಜಾಸ್ತಿ ಜನ ಒಂದೂವರೆ ಮೀಟರ್ ಹತ್ತಿರ ಬಂದು ನಿಂತುಬಿಡುತ್ತಾರೆ ಅಂತ ಅದರಲ್ಲೇ ಕಂಡಿತು. ಎರಡನೇ ದಿನ ವಿವರದ ಚೀಟಿಯನ್ನು ಪರದೆ ಪಕ್ಕದಿಂದ ತೆಗೆದು ಬಾಗಿಲ ಹೊರಗೆ ಅಂಟಿಸಿದೆವು, ಗೆರೆ ಇನ್ನೂ ಹತ್ತಿರಕ್ಕೆ ಇಳಿಯಿತು. ಪರೀಕ್ಷಕರು ಕೋಣೆಗಿಂತ ಆ ಕಾಗದದ ಮುಂದೆಯೇ ಜಾಸ್ತಿ ಹೊತ್ತು ನಿಂತರು. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮಾರ್ಕ್ಸ್‌ನಲ್ಲಿ ಅವನಿಗೂ ಪಾಲಿದೆ.

2001ರಲ್ಲಿ ಕಲಾವಿದರೂ ಕೋಡ್ ಬರೆಯಬಹುದಾದ ಪ್ರೊಸೆಸಿಂಗ್ ಅನ್ನುವ ಸಾಫ್ಟ್‌ವೇರ್ ಶುರು ಮಾಡಿದ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ, 2005ರಲ್ಲಿ ಸೆನ್ಸರ್, ಲೈಟ್‌ಗಳನ್ನು ನಡೆಸುವ ಆರ್ಡುಯಿನೋ ಅನ್ನುವ ಪುಟ್ಟ ಬೋರ್ಡ್ ಹುಟ್ಟುಹಾಕಿದ ತಂಡ, ಇವರ್ಯಾರೂ ಇದನ್ನು ಓದುವುದಿಲ್ಲ. ಆದರೂ ಹೇಳುತ್ತೇನೆ, ನೀವು ಎಲ್ಲವನ್ನೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದರಿಂದಲೇ ಇಂಜಿನಿಯರ್ ಅಲ್ಲದ ನಾನು ಇಷ್ಟು ಮಾಡಿದೆ.

ಅಪ್ಪ ಅಮ್ಮನಿಗೆ ಮನೆಯಲ್ಲೇ ಹೇಳಿದ್ದೇನೆ.

ದನಿ ಕೊಟ್ಟವರಿಗೆ ನಿಮ್ಮ ನಿಮ್ಮ ರೆಕಾರ್ಡಿಂಗ್ ಈ ವಾರ ಕಳಿಸುತ್ತೇನೆ, ಅಳಿಸಬೇಕು ಅಂದರೆ ಒಂದು ಮಾತು ಹೇಳಿ, ಕಾರಣ ಕೇಳುವುದಿಲ್ಲ. ಎಲ್‌ಇಡಿ ಪಟ್ಟಿ ಮತ್ತು ಸೆನ್ಸರ್‌ಗಳನ್ನು ಲ್ಯಾಬ್‌ಗೆ ವಾಪಸ್ ಕೊಟ್ಟಾಯಿತು. ಕೋಡ್, ವೈರಿಂಗ್ ಚಿತ್ರ, ಗ್ರಾಫ್ ಎಲ್ಲ ಒಂದು ಫೋಲ್ಡರ್‌ನಲ್ಲಿವೆ, ಮುಂದಿನ ಬ್ಯಾಚ್‌ನವರು ಕೇಳಿ ತಗೊಳ್ಳಿ. ಪರದೆ ಬಟ್ಟೆ ಇನ್ನೂ ನನ್ನ ಹತ್ತಿರವೇ ಇದೆ, ಬೇಕಾದವರು ಒಯ್ಯಬಹುದು.