ಟ್ರೇಡಿಂಗ್ ಪುಸ್ತಕಕ್ಕೆ ಐದು ಸಾವಿರ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಷೇರುಪೇಟೆಯ ಟ್ರೇಡಿಂಗ್ ಕಲಿಸುತ್ತೇವೆನ್ನುವ ದುಬಾರಿ ಪುಸ್ತಕಗಳು ಈಗ ಉಡುಪಿ, ಮಣಿಪಾಲದ ವಿದ್ಯಾರ್ಥಿಗಳ ಕೋಣೆಗಳಲ್ಲೂ ಕಾಣಸಿಗುತ್ತಿವೆ. ಅವನ್ನು ಕೊಳ್ಳಬಹುದೇ ಎಂದು ಕೇಳಿಕೊಂಡು ಬರುವ ಹುಡುಗರಿಗೆ, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನಾನು ಕೊಡುವ ಉತ್ತರ ಒಂದೇ: ಈಗಷ್ಟೇ ಕಲಿಯಲು ಹೊರಟವರು ಅದಕ್ಕೆ ಹಣ ಹಾಕಬೇಡಿ.

ನನ್ನ ತಂಗಿಯ ಮಗ ಕಳೆದ ವರ್ಷ 4,800 ರೂಪಾಯಿ ತೆತ್ತು ಆಪ್ಷನ್ (ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ವಹಿವಾಟಿನ ಇಂಗ್ಲಿಷ್ ಪುಸ್ತಕವೊಂದನ್ನು ತರಿಸಿಕೊಂಡ. ನುಣುಪು ಕಾಗದ, ಪುಟಪುಟಕ್ಕೂ ಬಣ್ಣದ ಕ್ಯಾಂಡಲ್ ಚಾರ್ಟು. ಉದಾಹರಣೆಗಳೆಲ್ಲ ಅಮೆರಿಕದವು; ನಮ್ಮ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಸ್ಟ್ಯಾಂಪ್ ಶುಲ್ಕ, ಜಿಎಸ್‌ಟಿಗಳ ಸುದ್ದಿಯೇ ಇಲ್ಲ. ನಮ್ಮ ಮಾರುಕಟ್ಟೆಯನ್ನೇ ಕುರಿತ ಪುಸ್ತಕಗಳೂ ಬಹುಬೇಗ ಹಳತಾಗುತ್ತವೆ: 2024ರ ಆರಂಭದಲ್ಲಿ 50 ಇದ್ದ ನಿಫ್ಟಿ ಸೂಚ್ಯಂಕದ ಲಾಟ್ (ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಸಂಖ್ಯೆ) ಅದೇ ವರ್ಷ 25ಕ್ಕಿಳಿದು, ವರ್ಷಾಂತ್ಯದ ಹೊತ್ತಿಗೆ 75ಕ್ಕೇರಿತು, ಗುರುವಾರವಿದ್ದ ಅದರ ವಾರದ ಎಕ್ಸ್‌ಪೈರಿ (ವಾಯಿದೆ ಮುಗಿಯುವ ದಿನ) 2025ರ ಸೆಪ್ಟೆಂಬರ್‌ನಿಂದ ಮಂಗಳವಾರವಾಯಿತು, ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ 2024ರ ನವೆಂಬರ್‌ನಲ್ಲಿ ನಿಂತೇಹೋಯಿತು.

ಆ ಹುಡುಗನ ಜೊತೆ ಕುಳಿತು ಅವನ 2025ರ ಒಂದು ಕಾಂಟ್ರ್ಯಾಕ್ಟ್ ನೋಟನ್ನು (ದಲ್ಲಾಳಿ ಕಳಿಸುವ ವಹಿವಾಟಿನ ಲೆಕ್ಕಪತ್ರ) ಸಾಲುಸಾಲಾಗಿ ಓದಿದೆ. 75ರ ಒಂದು ಆಪ್ಷನ್ ಲಾಟನ್ನು ತಲಾ 100 ರೂಪಾಯಿಗೆ ಕೊಂಡು 102ಕ್ಕೆ ಮಾರಿದ್ದ; ಕೈಗೆ 150 ರೂಪಾಯಿ ಬಂತೆಂದೇ ಅವನ ಎಣಿಕೆ. ಎರಡೂ ಬದಿಯ ದಲ್ಲಾಳಿ ಶುಲ್ಕ 40, ಅದರ ಮೇಲೆ ಎಸ್‌ಟಿಟಿ, ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ ಸುಮಾರು 60 ರೂಪಾಯಿ ಕಳೆದು ಉಳಿದದ್ದು 90. ಅದೇ ಎರಡು ರೂಪಾಯಿ ಕುಸಿದಿದ್ದರೆ ಹೋಗುತ್ತಿದ್ದದ್ದು 210. ಹೀಗೆ ಎರಡೆರಡು ರೂಪಾಯಿಯ ಏರಿಳಿತದ ಮೇಲೆ ಆಡುವವನು ನೂರರಲ್ಲಿ ಎಪ್ಪತ್ತು ಸಲ ಗೆದ್ದರೆ ಅಸಲು ಸಮವಾಗುತ್ತದೆ, ಅಷ್ಟೆ. ಆ ದಪ್ಪ ಪುಸ್ತಕದಲ್ಲಿ ಈ ಒಂದು ಲೆಕ್ಕ ಎಲ್ಲೂ ಇರಲಿಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2024ರ ಮಾರ್ಚ್‌ಗೆ ಕೊನೆಗೊಂಡ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ಖರೀದಿ, ಮಾರಾಟದ ಬೆಲೆಗೆ ಇಂದೇ ಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1 ಮಾತ್ರ. ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು 1928ರಲ್ಲೇ ಮನೆಬಾಗಿಲಿಗೆ ತಂದ ಉಡುಪಿಯಲ್ಲಿ, ಉಳಿತಾಯದ ದುಡ್ಡು ಹೀಗೆ ಕರಗುವುದನ್ನು ನೋಡಲು ಸಂಕಟವಾಗುತ್ತದೆ.

ಎಲ್ಲ ಪುಸ್ತಕಗಳನ್ನೂ ನಾನು ಅಲ್ಲಗಳೆಯುತ್ತಿಲ್ಲ. ಬ್ಯಾಲೆನ್ಸ್ ಶೀಟ್ ಓದಲು ಕಲಿಸುವ ಪುಸ್ತಕ ಇಪ್ಪತ್ತು ವರ್ಷವಾದರೂ ಕೈಬಿಡುವುದಿಲ್ಲ. ಆಪ್ಷನ್ ಬೆಲೆ ಕಟ್ಟುವ ಬ್ಲ್ಯಾಕ್–ಷೋಲ್ಸ್ ಸೂತ್ರ 1973ರದ್ದಾದರೂ ಅದರ ಗಣಿತ ಇಂದಿಗೂ ಪಾಠವಾಗಿಯೇ ಉಳಿದಿದೆ. ಗಣಿತದಲ್ಲಿ ಹಿಡಿತವಿದ್ದವರು ಅಂಥ ಪಠ್ಯಕ್ಕೆ ಬೆಲೆ ಕೊಟ್ಟರೆ ತಪ್ಪಿಲ್ಲ. ಉಳಿದವರಿಗೆ ಬೇಕಾದದ್ದು ಬಹುಮಟ್ಟಿಗೆ ಉಚಿತವಾಗಿಯೇ ಇದೆ: ಸೆಬಿಯ ಹೂಡಿಕೆದಾರರ ಕೈಪಿಡಿ, ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಸಿಗುವ ಕಂಪನಿಗಳ ವಾರ್ಷಿಕ ವರದಿಗಳು, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮದೇ ಕಾಂಟ್ರ್ಯಾಕ್ಟ್ ನೋಟುಗಳು.

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಸಾರ್ವಜನಿಕ ಗ್ರಂಥಾಲಯಗಳು ಇಂಥ ಪುಸ್ತಕಗಳ ಒಂದೊಂದು ಪ್ರತಿಯನ್ನು ತರಿಸಿ ಪರಾಮರ್ಶನ ವಿಭಾಗದಲ್ಲಿ ಇಡಲಿ. ಪಕ್ಕದಲ್ಲೇ ಸೆಬಿಯ ಆ ಅಧ್ಯಯನದ ಮುಖ್ಯಾಂಶಗಳ ಕನ್ನಡ ಅನುವಾದವನ್ನೂ ಇರಿಸಲಿ ಎಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಕುಂಜಿಬೆಟ್ಟು, ಉಡುಪಿ